ಹರಿಪ್ರಸಾದ ಮೇಷ್ಟ್ರ ಮೇಜು

ನಂಜನಗೂಡಿನ ನಮ್ಮ ಬೀದಿಯ ಹರಿಪ್ರಸಾದ ಮೇಷ್ಟ್ರು ಉತ್ತರಪತ್ರಿಕೆ ತಿದ್ದಲೆಂದೇ ಮನೆಗೊಂದು ಮೇಜು ತಂದು ಐದು ವರ್ಷವಾಯಿತು; ಅದಕ್ಕಿನ್ನೂ ದಿಕ್ಕು ಕೂಡಿಬಂದಿಲ್ಲ. ಪೂರ್ವಕ್ಕೆ ಹಾಕಿದರೆ ಗೋಪುರದ ಕಡೆ ಕಾಲು ಚಾಚಿದಂತೆ, ಪಶ್ಚಿಮಕ್ಕೆ ಹಾಕಿದರೆ ನಂಜುಂಡೇಶ್ವರನಿಗೆ ಬೆನ್ನು, ದಕ್ಷಿಣ ಯಮನದು, ಉತ್ತರಕ್ಕೆ ಬೀರು ಅಡ್ಡ. “ಜಾಗ ಒಂದು ಸರಿಹೋಗ್ಲಿ ಕಣ್ರೀ, ಆಮೇಲೆ ನೋಡಿ ನನ್ ಕೆಲ್ಸಾನ!” ಎನ್ನುತ್ತ ಲ್ಯಾಂಪಿನ ಕತ್ತು ತಿರುಚಿ, ಕೆಂಪು ಪೆನ್ನುಗಳನ್ನು ಎತ್ತರದ ಪ್ರಕಾರ ಜೋಡಿಸಿ, ಸುಸ್ತಾಗಿ ಕಾಫಿಗೆ ಕೂಗುತ್ತಾರೆ. ಹೆಂಡತಿ ವೆಂಕಟಲಕ್ಷ್ಮಿ ಕಾಫಿ ಕೊಟ್ಟು ಅಡುಗೆಮನೆಗೆ ಮರಳಿ, ಅಕ್ಕಿಡಬ್ಬದ ಮೇಲೆ ಅದೇ ಉತ್ತರಪತ್ರಿಕೆಗಳನ್ನು ಹರಡಿಕೊಂಡು, ಕುಕ್ಕರು ಮೂರು ಸಲ ಕೂಗುವಷ್ಟರಲ್ಲಿ ನಾಲ್ಕು ತಿದ್ದಿ, ಕೆಳಗೆ ಮೇಷ್ಟ್ರ ಸಹಿಯನ್ನೂ ಹಾಕಿಬಿಡುತ್ತಾರೆ. ಮೊನ್ನೆ ತವರಿನಿಂದ ಆಕೆಯ ಹೆಸರಿಗೆ ರಿಜಿಸ್ಟರ್ ಪೋಸ್ಟ್ ಬಂತು. ಪೋಸ್ಟ್‌ಮ್ಯಾನ್ ಕೊಟ್ಟ ಚೀಟಿಯ ಮೇಲೆ ಆಕೆಯ ಕೈ ತಾನಾಗಿ ‘ಹರಿಪ್ರಸಾದ’ ಎಂದು ಸಹಿ ಹಾಕಿತು.