ಇಲ್ಲಪ್ಪನ ಪ್ರೋಗ್ರಾಮು, ಕ್ಷೌರಿಕನ ಎಡಗಾಲು

ಬಸ್ ನಿಲ್ದಾಣದಲ್ಲಿ ಕಳೆದುಹೋದ ಸಾಮಾನಿನ ಕೋಣೆ ನೋಡಿಕೊಳ್ಳುವ ಗುಮಾಸ್ತನಿಗೆ ಜನ ಇಟ್ಟ ಹೆಸರು ಇಲ್ಲಪ್ಪ. ಯಾರು ಏನು ಕೇಳಿದರೂ ಕೂತಲ್ಲಿಂದಲೇ 'ಇಲ್ಲಪ್ಪ' ಅನ್ನುತ್ತಿದ್ದ ಪುಣ್ಯಾತ್ಮ. ಏಳುವ ಕಷ್ಟವೇ ಬೇಡವೆಂದು ಮೊಬೈಲಿನಲ್ಲಿ ಪಾಠ ನೋಡಿ ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಕಲಿತ.

ಬಂದ ಸಾಮಾನಿನ ವಿವರವೆಲ್ಲ ಅಲ್ಲಿನ ಕಂಪ್ಯೂಟರಿನಲ್ಲೇ ಒಂದು ಡೇಟಾಬೇಸ್ ಫೈಲಿನಲ್ಲಿತ್ತು. ಅದಕ್ಕೆ ಸಂಪರ್ಕ ಕೊಟ್ಟು ಹುಡುಕುವ ಪ್ರೋಗ್ರಾಮು ಬರೆದ. ಚೆನ್ನಾಗಿಯೇ ನಡೆಯಿತು. ಸುಮ್ಮನಿರಬಾರದೇ? ಪ್ರೋಗ್ರಾಮನ್ನು ಮಾತ್ರ ಎತ್ತಿ ಬೇರೆ ಫೋಲ್ಡರಿಗೆ ಹಾಕಿದ. ಅಲ್ಲಿ ಡೇಟಾಬೇಸ್ ಇರಲಿಲ್ಲ. ಇಲ್ಲದಿದ್ದರೆ ಹೊಸದು ಮಾಡಿಕೋ ಎಂದು ಇವನೇ ಬರೆದಿದ್ದನಲ್ಲ, ಪ್ರೋಗ್ರಾಮು ಅದೇ ಹೆಸರಿನ ಖಾಲಿ ಫೈಲೊಂದನ್ನು ಹುಟ್ಟಿಸಿಕೊಂಡು 'ಸಂಪರ್ಕ ಯಶಸ್ವಿ' ಎಂದಿತು. ಇವನು ಹಿರಿಹಿರಿ ಹಿಗ್ಗಿದ.

ಮರುದಿನ ಕಟಿಂಗ್ ಶಾಪಿನ ಕ್ಷೌರಿಕನೊಬ್ಬ ಎರಡು ಊರುಗೋಲು ಊರಿಕೊಂಡು ಬಂದ. ರಿಪೇರಿ ಮಾಡಿಸಿ ತರುತ್ತಿದ್ದ ಕೃತಕ ಕಾಲನ್ನು ಬಸ್ಸಿನಲ್ಲೇ ಬಿಟ್ಟಿದ್ದನಂತೆ.

"ಎರಡು ಕೈಯಲ್ಲೂ ಕೋಲು ಹಿಡ್ಕೊಂಡ್ರೆ ಕತ್ತರಿ ಹೇಗೆ ಹಿಡೀಲಿ ಸಾರ್? ಸೋಮವಾರ ಬಂದು ನಿಂತ್ಕೊಳ್ದಿದ್ರೆ ನನ್ನ ಜಾಗ ಬೇರೆಯವನಿಗೆ ಅಂದಿದಾರೆ ಮಾಲೀಕರು."

ಇಲ್ಲಪ್ಪ 'ಕಾಲು' ಎಂದು ಟೈಪ್ ಮಾಡಿದ. ಸೊನ್ನೆ.

"ಬಂದಿಲ್ಲ."

"ಒಂದ್ಸಲ ಒಳಗೆ ಹೋಗಿ ನೋಡ್ಬಾರ್ದಾ?"

"ಇದ್ರೆ ಕಂಪ್ಯೂಟರ್ ಹೇಳಲ್ವೇನ್ರಿ?"

ಬಡಪಾಯಿ ಮತ್ತೆ ಮತ್ತೆ ಬಂದ. ಪ್ರತಿ ಸಲವೂ ಅದೇ ಸೊನ್ನೆ, ಅದೇ ಉತ್ತರ.

ಸೋಮವಾರ ಮಧ್ಯಾಹ್ನ ಊಟದ ಡಬ್ಬಿ ತಂದ ಹೆಂಡತಿ ಕೈ ತೊಳೆಯಲು ಒಳಕ್ಕೆ ಹೋದಳು.

"ರೀ, ಗೋಡೆಗೆ ಒರಗಿಸಿರೋದು ಯಾರ ಕಾಲು?"

ಇಲ್ಲಪ್ಪ ಪರದೆಯತ್ತ ತಿರುಗಿದ. "ಕಂಪ್ಯೂಟರಲ್ಲಿ ಇಲ್ವಲ್ಲೇ..."

"ನಿಮ್ಮ ಕಂಪ್ಯೂಟರಿಗಿಷ್ಟು ಬೆಂಕಿ ಹಾಕ. ಬೂಟು ಸಮೇತ ನಿಂತಿದೆ."

ಇಷ್ಟು ದಿನ ಹುಡುಕಿದ್ದು ಖಾಲಿ ಫೈಲಿನಲ್ಲಿ ಎಂದು ಆಗ ಹೊಳೆಯಿತು. ಪ್ರೋಗ್ರಾಮಿನ ಸಂಪರ್ಕದ ಸಾಲಿನಲ್ಲಿ ಹಳೆಯ ಫೋಲ್ಡರಿನ ದಾರಿ ಬರೆದು ಮತ್ತೆ ಹುಡುಕಿದ. 'ಕಾಲು, ಎಡಗಡೆಯದು, ಒಂದು.' ಅದು ಬಂದ ದಿನ ತಲೆ ಎತ್ತದೆ ಟೈಪ್ ಮಾಡಿದ್ದವನೂ ಇವನೇ. ಒಬ್ಬನ ಅನ್ನ ಕಿತ್ತೆನಲ್ಲ ಎಂದು ಜೀವ ಹಿಡಿಯಷ್ಟಾಯಿತು. ಕಾಲನ್ನು ಹೆಗಲಿಗೇರಿಸಿಕೊಂಡು ಓಡಿದ. ದಾರಿಯಲ್ಲಿ ಜನ ನಕ್ಕರೆ ನಗಲಿ.

ಅಂಗಡಿಯಲ್ಲಿ ಹೊಸಬನೊಬ್ಬ ಆಗಲೇ ಕುರ್ಚಿ ಒರೆಸುತ್ತಿದ್ದ. ಕ್ಷೌರಿಕ ಬೆಂಚಿನ ಮೇಲೆ ಕೂತು ತನ್ನ ಕತ್ತರಿ, ಬಾಚಣಿಗೆ ಚೀಲಕ್ಕೆ ತುಂಬುತ್ತಿದ್ದ. ಕಾಲು ನೋಡಿದ, ಇಲ್ಲಪ್ಪನನ್ನು ನೋಡಿದ. ಕಾಲು ತೊಟ್ಟು ಪಟ್ಟಿ ಬಿಗಿದು ಎದ್ದು ನಿಂತು, ಹೊಸಬನ ಕೈಯಿಂದ ಬಟ್ಟೆ ಕಸಿದುಕೊಂಡ. ಮಾಲೀಕರು ಪತ್ರಿಕೆಯೊಳಕ್ಕೆ ಮುಖ ಹುದುಗಿಸಿದರು.

ಕ್ಷೌರಿಕ ಕುರ್ಚಿ ತೋರಿಸಿದ. "ಕೂತ್ಕೊಳ್ಳಿ ಸಾರ್."

"ಬೆಳಿಗ್ಗೆ ತಾನೇ ಗಡ್ಡ..."

"ಕೂತ್ಕೊಳ್ಳಿ."

ಇಲ್ಲಪ್ಪ ಕೂತ. ಗಂಟಲಿನ ಮೇಲೆ ಕತ್ತಿ ತಣ್ಣಗೆ ಕೂತಿತು.

"ಕತ್ತು ಅಲ್ಲಾಡಿಸ್ಬೇಡಿ. ನನಗಿನ್ನೂ ಸಿಟ್ಟು ಇಳಿದಿಲ್ಲ."