ಕಪ್ಪೆಚಿಪ್ಪು ತಿಂದು ಎದ್ದ ವರ್ಷ

ಎರಡನೆಯ ಹೆರಿಗೆಯಾದ ಮೇಲೆ ನಾನು ಗೋಡೆಯ ಮಣ್ಣು ತಿನ್ನಲು ಶುರುಮಾಡಿದ್ದೆ. ಎಪ್ಪತ್ತರ ದಶಕದ ಮೊದಲ ವರ್ಷಗಳವು. ಚುಂಚನಕಟ್ಟೆಯ ಕೆಳಗೆ, ನಾಲೆಯ ಅಂಚಿನಲ್ಲೇ ನಮ್ಮ ಮನೆ. ಗೋಡೆಗೆ ನೀರು ಚಿಮುಕಿಸಿದಾಗ ಏಳುವ ವಾಸನೆಗೆ ಬಾಯಲ್ಲಿ ನೀರೂರುತ್ತಿತ್ತು. ಅತ್ತೆ ಹಿತ್ತಲಿಗೆ ಹೋದ ತಕ್ಷಣ ಉಗುರಿನಿಂದ ಒಂದು ಚೂರು ಕೆರೆದು ಬಾಯಿಗೆ ಹಾಕಿಕೊಳ್ಳುತ್ತಿದ್ದೆ. ನಾಲ್ಕು ಹೆಜ್ಜೆ ಜೋರಾಗಿ ನಡೆದರೆ ಎದೆ ಡವಗುಟ್ಟುತ್ತಿತ್ತು. ಒಂದು ಬಿಂದಿಗೆ ನೀರು ತರುವಷ್ಟರಲ್ಲಿ ದಾರಿಯಲ್ಲಿ ಎರಡು ಸಲ ಕೂರುತ್ತಿದ್ದೆ. ಆಗ ನನಗೆ ಇಪ್ಪತ್ಮೂರು ವರ್ಷ.

ಮಗುವನ್ನು ನೋಡಲು ಬಂದ ಸರ್ಕಾರಿ ನರ್ಸು ಕೇರಳದವರು. ಮಗುವನ್ನು ಬಿಟ್ಟು ನನ್ನನ್ನೇ ನೋಡಿದರು. ಕೆಳರೆಪ್ಪೆ ಎಳೆದು ಕಣ್ಣೊಳಗೆ ಇಣುಕಿ, "ರಕ್ತವೇ ಇಲ್ಲ ನಿಮಗೆ. ಮಣ್ಣು ತಿಂತೀರಾ?" ಎಂದರು.

ನಾನು ತಲೆ ತಗ್ಗಿಸಿದೆ. ಅತ್ತೆ ದಂಗಾಗಿ ನನ್ನ ಮುಖ ನೋಡಿದರು.

ನರ್ಸು ಮಾತ್ರೆ ಕೊಟ್ಟು, "ಇದನ್ನು ತಪ್ಪಿಸಬಾರದು. ಊಟದಲ್ಲೂ ಕಬ್ಬಿಣದ ಅಂಶ ಬೇಕು. ಮಾಂಸ ತಿಂತೀರಲ್ಲ?" ಎಂದು ಕೇಳಿದರು.

"ಅಬ್ಬಕ್ಕೆ ಮರಿ ಕುಯ್ದಾಗ ತಿಂತೀವಿ ಕಣವ್ವ" ಎಂದರು ಅತ್ತೆ.

ಒಲೆಯ ಪಕ್ಕ ಹಾಲಿನ ಮಡಕೆಯ ತಳ ಕೆರೆಯುವ ಕಪ್ಪೆಚಿಪ್ಪು ಬಿದ್ದಿತ್ತು. ನರ್ಸು ಅದನ್ನು ಎತ್ತಿಕೊಂಡರು. "ಇದರೊಳಗಿನ ಮಾಂಸ ಏನು ಮಾಡ್ತೀರಿ?"

"ಕೋಳಿಗಾಕ್ತೀವಿ."

"ಹಾಗಾದರೆ ನಿಮ್ಮ ಸೊಸೆಗಿಂತ ನಿಮ್ಮ ಕೋಳಿಯ ಊಟವೇ ಚೆನ್ನಾಗಿದೆ!"

ತಮ್ಮೂರಿನಲ್ಲಿ ಸಮುದ್ರದ ಬಂಡೆಗಳಿಂದ ಇದರ ಜಾತಿಯದನ್ನೇ ಕಿತ್ತು ತಿನ್ನುತ್ತಾರೆ, ರಕ್ತ ಹೆಚ್ಚಿಸುತ್ತದೆ, ಮೈಗೆ ಕಸುವು ಕೊಡುತ್ತದೆ ಎಂದರು. ಕೊಳೆನೀರಿನದು ಬೇಡ, ಜೀವ ಇರುವುದನ್ನೇ ತರಬೇಕು, ಚೆನ್ನಾಗಿ ಬೇಯಿಸಬೇಕು, ಬೆಂದರೂ ಬಾಯಿ ಬಿಡದ ಚಿಪ್ಪನ್ನು ಎಸೆಯಬೇಕು. ಮೊದಲ ದಿನ ಸ್ವಲ್ಪವೇ ತಿನ್ನಿ, ಮೈ ಕಡಿತ ಬಂದರೆ ನಿಲ್ಲಿಸಿಬಿಡಿ ಎಂದು ನನಗೆ ಹೇಳಿ ಹೋದರು.

"ಬಾಣಂತಿಗೆ ನಂಜಾಯ್ತದೆ. ನನ್ ಒಲೆ ಮ್ಯಾಲೆ ಅದು ಬೇಯೋಂಗಿಲ್ಲ" ಎಂದು ಅತ್ತೆ ಕಡ್ಡಿ ಮುರಿದಂತೆ ಹೇಳಿದರು.

ವೀರನಹೊಸಹಳ್ಳಿ ಕಡೆಯ ಕಾಡಂಚಿನ ಹಾಡಿಯಿಂದ ಬಂದ ಒಬ್ಬಳು ಆ ವರ್ಷ ನಮ್ಮ ಗದ್ದೆಯಲ್ಲಿ ಕೂಲಿ ಮಾಡುತ್ತಿದ್ದಳು. ಅತ್ತೆಯ ಮಾತು ಕೇಳಿ ಅವಳು ನಕ್ಕುಬಿಟ್ಟಳು. "ನಂಜಾಗಂಗಿದ್ರೆ ನಾನಿರ್ತಿದ್ನಾ ಅವ್ವ? ನಾಕು ಮಕ್ಳ ಎತ್ತಿವ್ನಿ. ಒಂದೊಂದು ಸಲಾನೂ ಇದ್ನೇ ತಿಂದು ಎದ್ದಿವ್ನಿ."

ಅತ್ತೆ ಮೊರ ಎತ್ತಿಕೊಂಡು ಒಳಗೆ ಹೋದರು. ಬೇಡ ಎಂದು ಮಾತ್ರ ಅನ್ನಲಿಲ್ಲ.

ಬೇಸಿಗೆಯಲ್ಲಿ ನಾಲೆಗೆ ನೀರು ನಿಲ್ಲಿಸಿದ್ದರು. ನಾವಿಬ್ಬರೂ ಹೊಳೆಗೇ ಹೋದೆವು. ಮೊಣಕಾಲುದ್ದ ನೀರಿನಲ್ಲಿ ನಿಂತು ಅವಳು ಕಾಲ್ಬೆರಳಿನಿಂದಲೇ ಮರಳು ತಡಕಿ ಚಿಪ್ಪು ಎತ್ತುತ್ತಿದ್ದಳು. ಒಂದು ದಿನವಿಡೀ ತಿಳಿನೀರಿನಲ್ಲಿ ಬಿಟ್ಟು, ಮರಳು ಕಕ್ಕಿಸಿ, ಹಿತ್ತಲಿನಲ್ಲಿ ಮೂರು ಕಲ್ಲಿಟ್ಟು ಬೇಯಿಸಿದಳು. ಒಳಗಿನ ಕಪ್ಪು ಹೊಟ್ಟೆ ತೆಗೆದು, ಈರುಳ್ಳಿ, ಒಣಮೆಣಸಿನಕಾಯಿ, ಹುಣಸೆಹುಳಿ ಹಾಕಿ ಹುರಿದಳು. ಮೊದಲ ತುಂಡನ್ನು ಕಣ್ಣು ಮುಚ್ಚಿ ಅಗಿದೆ. ಗಟ್ಟಿಯಾಗಿತ್ತು, ಕೆಸರಿನ ವಾಸನೆಯೂ ಒಂದಿಷ್ಟಿತ್ತು. ಮೈ ಕಡಿಯಲಿಲ್ಲ. ಮೂರನೆಯ ಸಲಕ್ಕೆ ರಾಗಿಮುದ್ದೆಯ ಜೊತೆ ಬಟ್ಟಲು ಖಾಲಿ ಮಾಡಿದೆ.

ವಾರಕ್ಕೆ ಎರಡು ಸಲ ಅದೇ ಊಟ. ಮಾತ್ರೆಯನ್ನೂ ಬಿಡಲಿಲ್ಲ. ತಿಂಗಳು ಕಳೆಯುವಷ್ಟರಲ್ಲಿ ಗೋಡೆಯ ವಾಸನೆ ಬರೀ ವಾಸನೆಯಾಗಿ ಉಳಿಯಿತು. ಬಿಂದಿಗೆ ಎಲ್ಲೂ ಇಳಿಸದೆ ಮನೆ ಸೇರಿದ ದಿನ, ತುಳುಕಿದ ನೀರಿನಲ್ಲಿ ನೆನೆದುಕೊಂಡೇ ಅಡುಗೆಮನೆಯಲ್ಲಿ ನಿಂತು ಒಬ್ಬಳೇ ನಕ್ಕಿದ್ದೆ. ನರ್ಸು ಮತ್ತೆ ಬಂದು ನನ್ನ ಕಣ್ಣು ನೋಡಿ, ಅತ್ತೆಯನ್ನೂ ಕರೆದು ತೋರಿಸಿದರು. ಅತ್ತೆ ಬಗ್ಗಿ ಬಹಳ ಹೊತ್ತು ನೋಡಿದರು. ಮಾರನೆಯ ದಿನ ಹಿತ್ತಲಿನ ಮೂರು ಕಲ್ಲು ಮಾಯವಾಗಿತ್ತು. ಚಿಪ್ಪು ಅತ್ತೆಯ ಒಲೆಯ ಮೇಲೇ ಬೇಯುತ್ತಿತ್ತು.

ನಾಲೆಗೆ ನೀರು ಬಂತು, ನಾಟಿ ಬಂತು. ಹಿಂದಿನ ವರ್ಷ ಬಸುರಿಯಾಗಿದ್ದ ನಾನು ಅರ್ಧ ಸಾಲಿಗೇ ಕುಸಿದಿದ್ದೆ, ಹೆಂಗಸರು ನನ್ನನ್ನು ಎತ್ತಿ ಬದುವಿನ ಮೇಲೆ ಮಲಗಿಸಿದ್ದರು. ಈ ಸಲ ಅತ್ತೆ ಮಗುವನ್ನು ಸೊಂಟಕ್ಕೇರಿಸಿಕೊಂಡು, "ಓಗಮ್ಮಿ, ಇಳಿ" ಎಂದರು.

ಹನ್ನೆರಡು ಹೆಂಗಸರು ಸಾಲಾಗಿ ನಿಂತೆವು. ನನ್ನ ಪಕ್ಕದಲ್ಲಿ ಆ ಹಾಡಿಯವಳು. ಬಗ್ಗಿ ನೆಡುತ್ತಾ, ಹಿಂದಕ್ಕೆ ಸರಿಯುತ್ತಾ ಹೋದಂತೆ ಒಬ್ಬೊಬ್ಬರೇ ನಿಂತು ಸೊಂಟ ಸವರಿಕೊಳ್ಳತೊಡಗಿದರು. ನಾನು ನಿಲ್ಲಲಿಲ್ಲ. ಉಸಿರು ಸರಾಗವಾಗಿ ಬರುತ್ತಿತ್ತು, ಕೈ ತಾನಾಗಿ ಓಡುತ್ತಿತ್ತು. ಇನ್ನೆಷ್ಟಿದೆ ಎಂದು ತಿರುಗಿ ನೋಡುವ ಮೊದಲೇ ಹಿಮ್ಮಡಿಗೆ ಬದು ತಗುಲಿತು. ಎದ್ದು ನಿಂತೆ. ನನಗಿಂತ ಮೊದಲು ಯಾರೂ ಮುಟ್ಟಿರಲಿಲ್ಲ. ಹಾಡಿಯವಳು ಎರಡು ಮಾರು ದೂರದಲ್ಲಿದ್ದಳು, ಕೆಸರುಗೈ ಎತ್ತಿ ಕೂಗು ಹಾಕಿದಳು.

"ನೋಡ್ಕಳ್ರೇ, ನನ್ ಸೊಸೆ ಕಣ್ರೇ!" ಎಂದು ಅತ್ತೆ ಬದುವಿನ ಮೇಲಿಂದ ಇಡೀ ಬಯಲಿಗೆ ಕೇಳುವಂತೆ ಕೂಗಿದರು. ಮಗು ಬೆಚ್ಚಿ ಅಳತೊಡಗಿತು. ನಾನು ಇನ್ನೊಂದು ಕಟ್ಟು ಪೈರು ಎತ್ತಿಕೊಂಡು ಪಕ್ಕದ ಗದ್ದೆಗೆ ಇಳಿದೆ.