ಬೆಳಗಾದರೆ ಕೇಳದ ಸ್ಟೇಷನ್

ಅವ್ವನ ಬಗ್ಗೆ ನನಗಿರುವುದು ಒಂದೇ ನೆನಪು. ಕಂಪ್ಲಿಯ ಅಕ್ಕಿ ಗಿರಣಿ, ಮೈ ಸುಡುವ ಬೆಳಕು. ನಾನು ಅವಳ ತೊಡೆಯ ಮೇಲೆ, ಪಕ್ಕದಲ್ಲಿ ರೇಡಿಯೊ. ಅದರಲ್ಲಿ ದೂರದ ಯಾವುದೋ ಸ್ಟೇಷನ್ನಿನ, ಅರ್ಥವಾಗದ ಭಾಷೆಯ ಹಾಡು. ಅದರ ಧಾಟಿ ಹಿಡಿದು ಅವಳು ಗುನುಗುತ್ತಿದ್ದಳು. ಅದು ಮಧ್ಯಾಹ್ನವೆಂದೇ ನಂಬಿದ್ದೆ.

ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದುವಾಗ ಅನುಮಾನ ಶುರುವಾಯಿತು. ಬಹಳ ಎತ್ತರದಲ್ಲಿ, ಸೂರ್ಯನ ಕಿರಣ ತಾಗಿ ವಿದ್ಯುದಾವೇಶ ಪಡೆದ ಗಾಳಿಯ ಪದರಗಳಿವೆ. ಅದೇ ಅಯಾನುಗೋಳ. ಮೇಲಿನ ಎಫ್ ಪದರ ರೇಡಿಯೊ ಅಲೆಗಳನ್ನು ಬಗ್ಗಿಸಿ ದೂರದ ನೆಲಕ್ಕೆ ಇಳಿಸುತ್ತದೆ. ಕೆಳಗಿನ ಡಿ ಪದರ ಹಗಲಿನಲ್ಲಿ ಬಲಗೊಂಡು, ಮೀಡಿಯಂ ವೇವ್ ಅಲೆಗಳನ್ನು ಅಲ್ಲಿಗೆ ಮುಟ್ಟುವ ಮೊದಲೇ ಹೀರಿಬಿಡುತ್ತದೆ. ನಮ್ಮ ರೇಡಿಯೊದಲ್ಲಿ ಇದ್ದದ್ದು ಮೀಡಿಯಂ ವೇವ್ ಮಾತ್ರ. ಮಧ್ಯಾಹ್ನ ಆ ಹಾಡು ಬರುವಂತೆಯೇ ಇರಲಿಲ್ಲ. ಹಾಡೇ ಸುಳ್ಳಾದರೆ, ಗುನುಗಿದ ಅವ್ವನೂ ನನ್ನ ಕಲ್ಪನೆಯೇ ಇರಬಹುದು.

ಕಳೆದ ಚಳಿಗಾಲ ಹೊಸಪೇಟೆಯಿಂದ ಬಸ್ಸು ಹಿಡಿದು ದೊಡ್ಡವ್ವನ ಮನೆಗೆ ಹೋದೆ. ಅವಳೂ ಅದೇ ಗಿರಣಿಯಲ್ಲಿ ದುಡಿದವಳು. ಆ ರೇಡಿಯೊ ಅವಳ ಹತ್ತಿರವೇ ಉಳಿದಿತ್ತು. ನನ್ನ ಆ ಮಧ್ಯಾಹ್ನದ ನೆನಪನ್ನು ಅವಳಿಗೆ ಹೇಳಿದೆ.

"ಮಧ್ಯಾಹ್ನ ರೇಡಿಯೊ ಕೇಳ್ಕೊಂತ ಕುಂತಿದ್ರ ಸಾವ್ಕಾರ ಸುಮ್ನ ಬಿಡ್ತಿದ್ನೇನಲೇ?" ಎಂದಳು. "ಹೊತ್ತು ಹುಟ್ಟೋದ್ರಾಗ ಭತ್ತ ಕುದಿಸಿ, ಬಿಸಿಲು ಬಂದಕೂಡ್ಲೆ ಕಣದಾಗ ಹರವಬೇಕಿತ್ತು. ಆಕಿ ಹಾಡು ಕೇಳ್ತಿದ್ದದ್ದು ನಸುಕಿನ್ಯಾಗ, ಒಲಿ ಮುಂದ."

"ಬಿಸಿಲಿತ್ತಲ್ಲ ದೊಡ್ಡವ್ವ."

"ಒಲ್ಯಾಗಿನ ಭತ್ತದ ಹೊಟ್ಟಿನ ಉರಿ ಅದು. ಭಾಳ ಥಂಡಿ ಅಂತ ನಿನ್ನ ಅದರ ಮುಂದ ಕುಂದ್ರಸ್ಕೊಂತಿದ್ಲು. ಇಷ್ಟ ಓದೀದಿ, ಬಿಸಿಲಿಗೂ ಬೆಂಕಿಗೂ ಫರಕು ಗೊತ್ತಾಗ್ಲಿಲ್ಲ?"

"ಅವ್ವ ಗುನುಗ್ತಿದ್ಲಾ?"

"ನನಗೇನ ಗೊತ್ತಪ. ನಾ ಅತ್ಲಾಗ ಭತ್ತ ನೆನಿ ಹಾಕೋ ತೊಟ್ಟಿ ಕಡಿ ಇರ್ತಿದ್ದೆ."

ಮರುದಿನ ನಸುಕಿನಲ್ಲಿ ರೇಡಿಯೊಗೆ ಹೊಸ ಸೆಲ್ ಹಾಕಿ ಅಂಗಳದಲ್ಲಿ ಕುಳಿತೆ. ಮುಳ್ಳು ತಿರುಗಿಸುತ್ತ ಹೋದಂತೆ ಗೊತ್ತಿಲ್ಲದ ಭಾಷೆಯ ಒಂದು ಹಾಡು ಸಿಕ್ಕಿತು. ಅದು ಹಿಗ್ಗುತ್ತ ಕುಗ್ಗುತ್ತ ಬರುತ್ತಿತ್ತು. ಬಾಳೆತೋಟದ ಮೇಲೆ ಬಿಸಿಲು ಬಿದ್ದ ಸ್ವಲ್ಪ ಹೊತ್ತಿಗೆ ಬರೀ ಗೊರಗೊರ ಸದ್ದು ಉಳಿಯಿತು. ಡಿ ಪದರ ಕೆಲಸಕ್ಕೆ ಇಳಿದಿತ್ತು.

ಆಗಲೂ ಹಾಡು ಬಂದಿರಬಹುದು ಎಂಬಷ್ಟಕ್ಕೆ ಇದು ಆಧಾರ. ಗುನುಗಿದ್ದಕ್ಕೆ ನಾನೊಬ್ಬನೇ ಸಾಕ್ಷಿ, ಅದೂ ಬೆಂಕಿಯನ್ನು ಬಿಸಿಲೆಂದುಕೊಂಡಿದ್ದ ಸಾಕ್ಷಿ.

ದೊಡ್ಡವ್ವ ಚಹಾ ತಂದುಕೊಟ್ಟು, ಯಾವ ಬಸ್ಸಿಗೆ ಹೊರಡುತ್ತೀ ಎಂದು ಕೇಳಿದಳು. ಇನ್ನೊಂದು ದಿನ ಇರುತ್ತೇನೆ ಎಂದೆ.